ನದಿಯ ಪಾಲು

ಒಂದು ವಸ್ತುವಿನಿಂದ ನಮಗೆ ಪ್ರಯೋಜನವುಂಟೆಂದ ಮಾತ್ರಕ್ಕೆ ಅದು ಸಂಪೂರ್ಣವಾಗಿ ನಮ್ಮದಾಗುವುದೇ? ಈ ಪ್ರಶ್ನೆಯ ವಿಚಾರಕ್ಕೆ ನ್ಯೂಜಿಲೆಂಡ್ ದೇಶದ ಟೆಕಾಪೋ ನದಿಯು ತಕ್ಕ ನಿದರ್ಶನವಾಗಿದೆ.

ಆ ದೇಶದ ದಕ್ಷಿಣ ದ್ವೀಪದ ಪರ್ವತಗಳಲ್ಲಿ ಹಿಮನದಿಗಳು ಮೆಲ್ಲಮೆಲ್ಲನೆ ಜಾರುತ್ತ, ಅಡಿಯ ಬಂಡೆಯನ್ನು ಹಿಟ್ಟಿನಂತೆ ಅರೆಯುತ್ತವೆ. ಆ ನುಣ್ಣನೆಯ ಧೂಳು ನೀರಿನಲ್ಲಿ ತೇಲಿ ಬೆಳಕನ್ನು ಚೆದರಿಸುವುದರಿಂದ, ಟೆಕಾಪೋ ಸರೋವರವು ಹಾಲು ಬೆರಸಿದ ನೀಲವರ್ಣದಿಂದ ಶೋಭಿಸುತ್ತದೆ. ಪೂರ್ವದಲ್ಲಿ ಈ ನೀರು ಟೆಕಾಪೋ ನದಿಯಾಗಿ ಹರಿಯುತ್ತಿದ್ದಿತು. 1951ರಲ್ಲಿ ಸರೋವರದ ಸಮೀಪದಲ್ಲಿ ಮೊದಲನೆಯ ವಿದ್ಯುದಾಗಾರವು ಕೆಲಸಮಾಡತೊಡಗಿತು. 1977ರಲ್ಲಿ ಸುಮಾರು 26 ಕಿಲೋಮೀಟರ್ ಉದ್ದದ ಕಾಲುವೆಯೊಂದು ಸಿದ್ಧವಾಗಿ, ನೀರು ಪುಕಾಕಿ ಸರೋವರದ ದಡದಲ್ಲಿರುವ ಎರಡನೆಯ ವಿದ್ಯುದಾಗಾರಕ್ಕೆ ತಿರುಗಿತು. ಅಲ್ಲಿಂದ ಮುಂದೆಯೂ ಕಾಲುವೆಗಳಲ್ಲಿ ಸಾಗಿ, ಅದೇ ನೀರು ಮತ್ತೆ ಮತ್ತೆ ಯಂತ್ರಚಕ್ರಗಳನ್ನು ತಿರುಗಿಸುತ್ತದೆ. ಹೊಗೆಯಿಲ್ಲದೆ, ಕಲ್ಲಿದ್ದಲಿಲ್ಲದೆ ಮನೆಮನೆಗೆ ಬೆಳಕು ದೊರೆಯುವುದು ಸಾಮಾನ್ಯವಾದ ಉಪಕಾರವಲ್ಲ. ಕಾಲುವೆಯೂ ನೋಡಲು ಬಲು ಸುಂದರ. ಅದರ ನೀಲಿಯನ್ನು ಕಂಡ ಪ್ರವಾಸಿಗರು ಮೆಚ್ಚದೆ ಇರಲಾರರು.

ಆದರೆ ನದಿಯ ಹಳೆಯ ಪಾತ್ರವನ್ನು ನೋಡಿದವರಿಗೆ ಬೇರೊಂದು ದೃಶ್ಯ ಕಾಣುತ್ತದೆ. ಮೇಲ್ಭಾಗದಲ್ಲಿ ಬಹುಕಾಲ ಅದು ಬರಿಯ ಕಲ್ಲುಗುಂಡುಗಳ ಹಾದಿ.

ಇಲ್ಲಿ ಪೂರ್ವಪಕ್ಷವೊಂದುಂಟು. “ವಿದ್ಯುದಾಗಾರವು ನೀರನ್ನು ಕುಡಿಯುವುದಿಲ್ಲ, ಒಳಗೆ ಬಂದಷ್ಟೇ ಹೊರಗೆ ಹೋಗುತ್ತದೆ. ಹೀಗಿರಲು ನಷ್ಟವೆಲ್ಲಿ?” ಎಂದು ಕೇಳುವವರಿದ್ದಾರೆ. ನೀರಿಗೆ ನಷ್ಟವಿಲ್ಲ, ನಿಜ. ಆದರೆ ನದಿಯೆಂದರೆ ನೀರು ಮಾತ್ರವಲ್ಲವಷ್ಟೆ. ತನ್ನ ಪಾತ್ರದಲ್ಲಿ, ತನ್ನನ್ನು ನಂಬಿದ ಜೀವಗಳ ನಡುವೆ ಹರಿಯುವ ನೀರೇ ನದಿ. ಆ ಸೀಮೆಯ ಕಲ್ಲುದಿಣ್ಣೆಗಳ ಕವಲು ಹೊಳೆಗಳಲ್ಲಿ ಗೂಡುಕಟ್ಟುವ, ಕರಿಯ ಮೈಯ, ಕೆಂಪು ನೀಳಗಾಲುಗಳ ಕಾಕೀ ಎಂಬ ಪಕ್ಷಿಯು 1981ರಲ್ಲಿ ಇಪ್ಪತ್ತಮೂರೇ ಉಳಿದಿದ್ದಿತು. ಹೊರಗಿನಿಂದ ತಂದ ಬೆಕ್ಕು ಮೊದಲಾದ ಪ್ರಾಣಿಗಳ ಹಾವಳಿಯೂ ನೆಲೆಗಳ ನಾಶವೂ ಕೂಡಿ ಈ ಗತಿಯನ್ನು ತಂದುವು.

1991ರಿಂದ ವಿದ್ಯುತ್ತನ್ನು ಉತ್ಪಾದಿಸುವವರೇ ಹಣವಿತ್ತು, ಈ ನದಿಪಾತ್ರಗಳ ಪುನರುದ್ಧಾರದ ಕಾರ್ಯ ನಡೆಯುತ್ತ ಬಂದಿದೆ. ಇದು ಸ್ತುತ್ಯವಾದುದೇ. ಆದರೂ ಇದನ್ನು ದಾನವೆನ್ನಲಾಗದು. ಸಾಲ ತೀರಿಸುವುದಕ್ಕೆ ಆರಂಭವೆನ್ನಬಹುದು.

ನಮ್ಮ ಗೃಹಸ್ಥಧರ್ಮದಲ್ಲಿ ಭೂತಯಜ್ಞವೆಂಬುದೊಂದಿದೆ. ಮನೆಯವನು ಉಣ್ಣುವುದಕ್ಕೆ ಮುಂಚೆ ಕಾಗೆಗೆ, ನಾಯಿಗೆ, ಇರುವೆಗೆ ಅನ್ನವನ್ನು ಎತ್ತಿಡತಕ್ಕದ್ದು. ಉಂಡು ಮಿಕ್ಕುದನ್ನು ಹಾಕಿದರೆ ಬಲಿಯಾಗದು. ಈ ವಿಧಿಯ ತಾತ್ಪರ್ಯವು ಅನ್ನವನ್ನು ತ್ಯಜಿಸಬೇಕೆಂಬುದಲ್ಲ. ಅನ್ನದಲ್ಲಿ ಇತರರಿಗೂ ಪಾಲುಂಟೆಂಬುದನ್ನು ಮೊದಲ ತುತ್ತಿಗೆ ಮುಂಚೆಯೇ ಒಪ್ಪಿಕೊಳ್ಳಬೇಕೆಂಬುದು. ನದಿಯ ವಿಷಯದಲ್ಲಿಯೂ ಇದೇ ನ್ಯಾಯ. ಕಾಲುವೆ ತೋಡುವುದು ಅಧರ್ಮವಲ್ಲ. ನದಿಗೆ ಎಷ್ಟು ಬೇಕೆಂದು ಮೊದಲು ಅಳೆಯದೆ, ನಮಗೆ ಎಷ್ಟು ಬೇಕೆಂದು ಮಾತ್ರ ಅಳೆಯುವುದು ಅಧರ್ಮ. ಈ ಲೆಕ್ಕವು ಎಂಜಿನಿಯರರೊಬ್ಬರದೇ ಅಲ್ಲ. ನೀರಿನಿಂದ ಹುಟ್ಟಿದ ದೀಪದಡಿಯಲ್ಲಿ ಓದಲು ಕುಳಿತವರೆಲ್ಲರೂ ಆ ಪಂಕ್ತಿಯಲ್ಲಿ ಉಂಡವರೇ.