ತಟ್ಟೆಯಗಲದ ಮಣ್ಣು



ನಮ್ಮ ಹೊಸೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಈಗೀಗ ಬೋನ್ಸಾಯ್ ಗಿಡಗಳು ಕಾಣುತ್ತಿವೆ. ಆಲ, ಅರಳಿ, ಅತ್ತಿ. ಹೊಲದ ಬದುವಿನಲ್ಲಿದ್ದರೆ ಹತ್ತು ಮಂದಿಗೆ ನೆರಳಾಗುವ ಮರಗಳು ಇಲ್ಲಿ ಊಟದ ತಟ್ಟೆಯಷ್ಟಗಲದ ಕುಂಡದಲ್ಲಿ ಮೊಳದೆತ್ತರ ನಿಂತಿರುತ್ತವೆ. ನೀರು ಕೊಡದೆ ಬಡಕಲಾಗಿಸಿದ ಗಿಡ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಕೊಂಬೆ, ಬೇರು ಸವರಿ ಅದನ್ನು ಚಿಕ್ಕದಾಗಿ ಇಟ್ಟಿರುತ್ತಾರೆ. ನೀರಿನಲ್ಲಿ, ಬೆಳಕಿನಲ್ಲಿ ಕಡಿಮೆ ಮಾಡುವಂತಿಲ್ಲ. ಹೊಲದ ಮರ ಬೇಸಿಗೆಯಲ್ಲಿ ಆಳದ ಬೇರಿನಿಂದ ಬದುಕಿಕೊಳ್ಳುತ್ತದೆ. ಇದಕ್ಕಿರುವುದು ಎರಡು ಮೂರು ಅಂಗುಲ ಮಣ್ಣು.

ಏಪ್ರಿಲ್, ಮೇ ತಿಂಗಳ ನಮ್ಮ ಹವೆ ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಗೋಡೆ ಮುಟ್ಟಲಾಗದಷ್ಟು ಕಾಯುತ್ತದೆ. ಸಂಜೆಗೆ ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಮರುದಿನ ಬರೀ ಮೋಡ. ಇಂಥ ಕಾಲದಲ್ಲಿ ಗಡಿಯಾರ ನೋಡಿ ನೀರು ಹಾಕಿದರೆ ಗಿಡ ಉಳಿಯುವುದು ಕಷ್ಟ. ಬಿಸಿಲ ದಿನ ಎರಡು ಸಲ ಬೇಕಾದೀತು, ಮೋಡದ ದಿನ ಒಂದು ಸಲವೂ ಬೇಡವಾದೀತು. ಬೆರಳನ್ನು ಮಣ್ಣಿಗೆ ಒತ್ತಿ ನೋಡಬೇಕು. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಬೇಕು. ಮಳೆ ಬಿಡದಿದ್ದರೆ ಕುಂಡದ ಒಂದು ಬದಿಗೆ ಕಲ್ಲು ಕೊಟ್ಟು ಓರೆ ಮಾಡಬೇಕು, ನೀರು ಬಸಿಯಲಿ. ಜಾಗ ಬದಲಾದರೆ ಈ ಜಾತಿಯ ಗಿಡಗಳು ಎಲೆ ಉದುರಿಸುವುದುಂಟು. ಸತ್ತಿತೆಂದು ಎಸೆಯುವ ಮೊದಲು ತೊಗಟೆಯನ್ನು ಉಗುರಿನಿಂದ ಕೊಂಚ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ.

ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದೊಳಗೆ ಒಂದು ಅಂಜೂರದ ಮರವಿದೆ. ಅದೂ ನಮ್ಮ ಆಲ, ಅತ್ತಿಯ ಕುಲದ್ದೇ. ಮೂರು ವರ್ಷ ಹಣ್ಣು ಹುಡುಕಿ ಬರಿಗೈಯಲ್ಲಿ ಹೋದ ಯಜಮಾನನ ಲೆಕ್ಕ ತಪ್ಪಲ್ಲ, ತೋಟಗಾರನೂ ಅದನ್ನು ಅಲ್ಲಗಳೆಯುವುದಿಲ್ಲ. ಇನ್ನೊಂದು ವರ್ಷ ಕೇಳುತ್ತಾನೆ, ಅಷ್ಟೇ. ಆದರೆ ಸುಮ್ಮನೆ ಕಾಯುವುದಕ್ಕಲ್ಲ. ಬುಡ ಅಗೆದು ಗೊಬ್ಬರ ಹಾಕುವುದಕ್ಕೆ. ಮರುವರ್ಷ ಆ ಮರ ಫಲ ಕೊಟ್ಟಿತೋ ಇಲ್ಲವೋ ಯೇಸುಸ್ವಾಮಿ ಹೇಳುವುದಿಲ್ಲ.

ತಮಿಳು, ತೆಲುಗು, ಇಂಗ್ಲಿಷ್‌ಗಳ ನಡುವೆ ನಮ್ಮ ಕನ್ನಡ ಪೂಜೆಗಿರುವುದೂ ಇಂಥ ತಟ್ಟೆಯಗಲದ ಮಣ್ಣೇ. ಬೆಂಚು ಖಾಲಿಯಾದರೆ ಬೇಗ ಕಾಣುತ್ತದೆ. "ಅವರು ಬರುವುದನ್ನೇ ಬಿಟ್ಟರು" ಎಂದು ಎಣಿಸುವುದು ಯಜಮಾನನ ಕೆಲಸ. ಯಾಕೆ ಬಿಟ್ಟರು? ಒಬ್ಬ ಸಿಪ್ಕಾಟ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಈಗತಾನೇ ಮಲಗಿದ್ದಾನೆ. ಒಬ್ಬಳಿಗೆ ಮನೆಯಲ್ಲಿ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ವಾಚನ ಓದು ಎಂದರೆ ನಾಚುತ್ತಾಳೆ. ಹಳ್ಳಿ ಬಿಟ್ಟು ಮಗನ ಜೊತೆ ಬಂದ ಅಜ್ಜಿಗೆ ಮೂರನೇ ಮಹಡಿಯಿಂದ ಇಳಿಯಲಾಗದು. ಮೂವರಿಗೂ ಒಂದೇ ಬುದ್ಧಿಮಾತು ಹೇಳಿ ಏನು ಪ್ರಯೋಜನ? ಹುಡುಗನಿಗೆ ಸಂಜೆಯ ಪೂಜೆ ಬೇಕು. ಹುಡುಗಿಗೆ ಕನ್ನಡ ವಾಚನವನ್ನೇ ತಮಿಳು ಅಕ್ಷರದಲ್ಲಿ ಬರೆದುಕೊಡಬಹುದು. (ಕೆಲವು ಹಿರಿಯರಿಗೆ ಇದು ಹಿಡಿಸದು; ನಮಗೆ ಮಾತ್ರ ಅವಳ ದನಿ ಪೀಠದಿಂದ ಕೇಳಿದರೆ ಸಾಕು.)

ಮುಂದಿನ ಕನ್ನಡ ಪೂಜೆಗೆ ಮುನ್ನ ಒಂದೊಂದು ಕುಟುಂಬದವರೂ ಹೀಗೆ ಕಾಣೆಯಾದ ಒಂದು ಮನೆಗೆ ಹೋಗಿ ಬನ್ನಿ. ಉಪದೇಶ ಬೇಡ. ಹೇಗಿದ್ದೀರಿ ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ, ಕಾಫಿ ಕೊಟ್ಟರೆ ಕುಡಿಯಿರಿ. ಆ ಅಜ್ಜಿಯಂಥವರು ಇದ್ದರೆ ಹೆಸರು, ಮನೆ ನಂಬರು ಬರೆದು ನಮ್ಮ ಕೈಗೆ ಕೊಡಿ. ಮೊದಲ ಶುಕ್ರವಾರ ಪರಮಪ್ರಸಾದ ತೆಗೆದುಕೊಂಡು ಅಲ್ಲಿಗೇ ಬರುತ್ತೇವೆ.