ಅಮಾನತ್ತು ಯಾರ ಮನೆಯಲ್ಲಿ?

ಉರ್ದು ಶಾಲೆಯಲ್ಲಿ ಕಲಿತ ನಮಗೆ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಹಜ್ ಯಾತ್ರೆಗೆ ಹೊರಟವರು ನೆರೆಮನೆಯಲ್ಲಿ ಇಟ್ಟುಹೋಗುವ ಒಡವೆಯ ಗಂಟು. ಕನ್ನಡ ಪತ್ರಿಕೆ ಓದತೊಡಗಿದಾಗ ಅದೇ ಪದ ಬೇರೆ ವೇಷದಲ್ಲಿ ಎದುರಾಯಿತು: ‘ಕರ್ತವ್ಯಲೋಪ, ಗುಮಾಸ್ತ ಅಮಾನತು.’ ನಂಬಿಕೆಯ ಪದ ಶಿಕ್ಷೆಯ ಪದವಾದದ್ದು ಹೇಗೆಂದು ಭಾಷಾತಜ್ಞರು ಹೇಳಲಿ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಈ ಕಾಲದಲ್ಲಿ ನಮಗೆ ಎರಡೂ ಅರ್ಥಗಳು ಒಟ್ಟಿಗೇ ನೆನಪಾಗುತ್ತವೆ.

ಅಮೆರಿಕದ ಲಾಸ್ಟ್‌ಪಾಸ್ ಕಂಪೆನಿಯ ವ್ಯಾಪಾರವೇ ಅಮಾನತ್ತಿನದು. ಜನರು ತಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಅದರ ಬಳಿ ಇಡುತ್ತಾರೆ. ಗ್ರಾಹಕರ ಮಾಹಿತಿಯ ಪ್ರತಿಗಳನ್ನು ತಲುಪುವ ಕೀಲಿ ಅಲ್ಲಿ ನಾಲ್ವರು ಇಂಜಿನಿಯರುಗಳ ಬಳಿ ಮಾತ್ರ ಇತ್ತು. 2022ರಲ್ಲಿ ಕಳ್ಳರು ಆ ನಾಲ್ವರಲ್ಲಿ ಒಬ್ಬರ ಮನೆಯ ಕಂಪ್ಯೂಟರನ್ನೇ ಹುಡುಕಿಕೊಂಡು ಹೋದರು. ಅದರಲ್ಲಿ ಸಿನಿಮಾ, ಹಾಡು ಕೂಡಿಡುವ ಪ್ಲೆಕ್ಸ್ ಎಂಬ ತಂತ್ರಾಂಶವಿತ್ತು. ಅದರ ದೋಷಕ್ಕೆ ತಯಾರಕರು 2020ರಲ್ಲೇ ತಿದ್ದುಪಡಿ ಕೊಟ್ಟಿದ್ದರು. ಈ ಮನೆಯಲ್ಲಿ ಅದನ್ನು ಹಾಕಿಕೊಂಡಿರಲಿಲ್ಲ. ಆ ಸಂದಿಯಿಂದ ನುಗ್ಗಿದವರು ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ ಗುಪ್ತ ತಂತ್ರಾಂಶವೊಂದನ್ನು ಕೂರಿಸಿದರು. ಇಂಜಿನಿಯರ್ ತಮ್ಮ ಮುಖ್ಯ ಪಾಸ್‌ವರ್ಡ್ ಒತ್ತಿದ್ದೇ ತಡ, ಅದು ಅವರ ಕೈಸೇರಿತು. ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳೇ ಹೋದವು. ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ನಿಜ. ಅವು ಯಾವ ಜಾಲತಾಣಗಳಿಗೆ ಸೇರಿದವು ಎಂಬುದು ಮಾತ್ರ ಬಯಲಾಗಿಯೇ ಇತ್ತು.

ತಪ್ಪು ಯಾರದು? ಇಂಜಿನಿಯರ್ ನಿರ್ದೋಷಿ ಎನ್ನಲಾರೆವು. ಅಷ್ಟು ದೊಡ್ಡ ಕೀಲಿ ಹಿಡಿದವರಿಗೆ ಸಾಮಾನ್ಯರಿಗಿಲ್ಲದ ಎಚ್ಚರ ಬೇಕು. ಆದರೆ ತನ್ನ ಮನೆಯಲ್ಲಿ ಸಿನಿಮಾ ನೋಡುವುದು ಕರ್ತವ್ಯಲೋಪವೇ? ಒಂದೇ ಮುಖ್ಯ ಪಾಸ್‌ವರ್ಡ್‌ನಿಂದ ನೌಕರರ ಸ್ವಂತ ಪೆಟ್ಟಿಗೆಯೂ ಕಚೇರಿಯ ಪೆಟ್ಟಿಗೆಯೂ ತೆರೆಯಲು ಅವಕಾಶವಿತ್ತು. ಹಾಗೆ ಬಿಟ್ಟದ್ದು ಕಂಪೆನಿ. 2025ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 12 ಲಕ್ಷ ಪೌಂಡಿಗೂ ಹೆಚ್ಚು ದಂಡ ಹಾಕಿದ್ದು ಕಂಪೆನಿಯ ಬ್ರಿಟಿಷ್ ಘಟಕಕ್ಕೆ.

2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಂಪೆನಿಗಳೂ ನೌಕರರನ್ನು ಮನೆಗೆ ಕಳಿಸಿದವು. ಕಚೇರಿಯ ಬಾಗಿಲಲ್ಲಿ ಕಾವಲುಗಾರನಿದ್ದ, ಗುರುತಿನ ಚೀಟಿ ತೋರಿಸದೆ ಒಳಗೆ ಬಿಡುತ್ತಿರಲಿಲ್ಲ. ಮನೆಯಲ್ಲಿ? ಊಟದ ಮೇಜೇ ಕಚೇರಿ. ಸಂಜೆ ಅದೇ ಕಂಪ್ಯೂಟರಿನಲ್ಲಿ ಮಗುವಿನ ಆಟ. ವೈಫೈ ಪಾಸ್‌ವರ್ಡ್ ಪಕ್ಕದ ಮನೆಯವರಿಗೂ ಗೊತ್ತು (ಕೇಳಿದರೆ ಇಲ್ಲ ಎನ್ನಲು ನಮ್ಮವರಿಗೆ ಬರುವುದಿಲ್ಲ). ಇದಕ್ಕೆ ಮದ್ದೆಂದು ಕೆಲವು ಕಡೆ ನೌಕರರ ಪರದೆಯನ್ನೂ ಕ್ಯಾಮೆರಾವನ್ನೂ ಸದಾ ಗಮನಿಸುವ ತಂತ್ರಾಂಶ ಹಾಕಿಸುತ್ತಾರೆ. ಒಡವೆ ಇಡಲು ಕೊಟ್ಟವರು ರಾತ್ರಿ ಬಂದು ಕಿಟಕಿಯಲ್ಲಿ ಇಣುಕಿದರೆ ಅದು ನಂಬಿಕೆಯೇ? ಗಂಟಿನ ಜೊತೆ ಬೀಗವಿರುವ ಪೆಟ್ಟಿಗೆಯನ್ನೂ ಕೊಡಬೇಕಾದದ್ದು ನ್ಯಾಯ: ಕೆಲಸಕ್ಕೆಂದೇ ಬೇರೆ ಲ್ಯಾಪ್‌ಟಾಪ್, ಅದರ ತಿದ್ದುಪಡಿಗಳ ಹೊಣೆ, ಕಲಿಸಿಕೊಡಲು ಒಂದಿಷ್ಟು ಸಮಯ.

ನಮ್ಮ ದೇಶದ 2023ರ ಕಾನೂನು ಕೂಡ ಜನರ ವೈಯಕ್ತಿಕ ಮಾಹಿತಿ ಕಾಯುವ ಹೊಣೆಯನ್ನು ಸಂಸ್ಥೆಯ ಮೇಲೆಯೇ ಹೊರಿಸಿದೆ. ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಆದರೆ ಹೊಣೆ ಮೇಲಿನಿಂದ ಕೆಳಕ್ಕೆ ಜಾರುವುದರಲ್ಲಿ ನೀರಿಗಿಂತ ಚುರುಕು.

ಶಿವಮೊಗ್ಗದಲ್ಲಿರುವ ನಮ್ಮ ಅಕ್ಕನ ಮಗಳು ಬೆಂಗಳೂರಿನ ಒಂದು ಕಂಪೆನಿಗೆ ಮನೆಯಿಂದ, ತನ್ನದೇ ಕಂಪ್ಯೂಟರಿನಲ್ಲಿ ದುಡಿಯುತ್ತಾಳೆ. ಮೊನ್ನೆ ಒಂದು ಕಾಗದ ಬಂತು: ಮಾಹಿತಿ ಸೋರಿದರೆ ಸಂಪೂರ್ಣ ಹೊಣೆ ನೌಕರಳದು. “ಸಹಿ ಹಾಕಲಾ, ಮಾಮೂ?” ಎಂದಳು. ‘ಲ್ಯಾಪ್‌ಟಾಪ್ ಕೊಡುತ್ತಾರಾ ಕೇಳು’ ಎಂದೆವು. ಕೇಳಿದಳಂತೆ. ಉತ್ತರ ಬರಲಿಲ್ಲ. ಕಾಗದಕ್ಕೆ ಸಹಿ ಹಾಕಿ ಕಳಿಸಿದಳು.