ಚದುರಿದ ಅಂಗ, ಉಳಿದ ಅಂಕಿತ

‘ಡಿಸ್ಜೆಕ್ಟಾ ಮೆಂಬ್ರಾ’ ಎಂದರೆ ಚೆಲ್ಲಾಪಿಲ್ಲಿಯಾದ ಅಂಗಗಳು. ಕಳೆದುಹೋದ ಕೃತಿಯ ಅಳಿದುಳಿದ ತುಣುಕುಗಳಿಗೆ ಇಂಗ್ಲಿಷಿನಲ್ಲಿ ಸಲ್ಲುವ ಈ ಲ್ಯಾಟಿನ್ ಮಾತು ಹುಟ್ಟಿದ್ದು ಕ್ರಿ.ಪೂ. 1ನೇ ಶತಮಾನದ ಕವಿ ಹೊರೇಸನ ವಿಡಂಬನ ಕವಿತೆಯಿಂದ. ತನ್ನ ಸಾಲುಗಳ ಛಂದಸ್ಸು ಕಳಚಿದರೆ ಬರಿಯ ಆಡುಮಾತು ಉಳಿಯುತ್ತದೆ, ಹಿಂದಿನ ಕವಿ ಎನ್ನಿಯಸ್‌ನ ಸಾಲನ್ನು ಒಡೆದರೂ ಚೂರುಗಳಲ್ಲಿ ಕವಿಯ ಅಂಗಾಂಗ ಕಾಣುತ್ತದೆ ಎಂದು ಅವನು ವಾದಿಸಿದ. ಆ ಎನ್ನಿಯಸ್‌ನ 18 ಕಾಂಡಗಳ ಮಹಾಕಾವ್ಯದಲ್ಲಿ ಇಂದು ಸಿಗುವುದು ಸುಮಾರು 600 ಸಾಲು ಮಾತ್ರ.

ತುಣುಕಿನಲ್ಲಿ ಇಡಿಯದು ಉಳಿದಿರುತ್ತದೆಯೇ? ನ್ಯಾಯದರ್ಶನ ಇದನ್ನು ಅವಯವ (ಬಿಡಿ ಭಾಗ)–ಅವಯವಿ (ಇಡಿ) ವಿಚಾರವೆಂದು ಚರ್ಚಿಸಿತು. ಬಟ್ಟೆ ಎಳೆಗಳ ಮೊತ್ತವಲ್ಲ, ಎಳೆಗಳಲ್ಲಿ ನೆಲೆಸಿದ ಬೇರೆಯೇ ವಸ್ತು. ಎಳೆ ಬಿಡಿಸಿದರೆ ಬಟ್ಟೆ ಇಲ್ಲ. ಎಳೆಗಳಾಚೆ ಬಟ್ಟೆಯೆಂಬುದೇ ಇಲ್ಲವೆಂದು ಬೌದ್ಧರು ಎದುರಾಡಿದರು. ಕನ್ನಡದಲ್ಲಿ 15ನೇ ಶತಮಾನದ ಶಿವಗಣಪ್ರಸಾದಿ ಮಹದೇವಯ್ಯ ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ ಕಟ್ಟಿದ. ಅದು ಹೊಸದಾಗಿ ನೇಯ್ದ ಬಟ್ಟೆ.

ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರ ತತ್ವಪದಗಳದು ಬೇರೆ ಸ್ಥಿತಿ. ಬಳೆ ಮಾರುತ್ತಿದ್ದ ಈ ಯೋಗಿ ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ಅವರ ಶತಕಗಳಿಗೆ ಕೃತಿಯೆಂಬ ಚೌಕಟ್ಟಿದೆ, ಕೀರ್ತನೆಗಳಿಗೆ ಇಲ್ಲ. ಒಂದೊಂದೂ ಬಿಡಿಯಾಗಿ ಹುಟ್ಟಿ, ಬಿಡಿಯಾಗಿಯೇ ಬಾಯಿಂದ ಬಾಯಿಗೆ ನಡೆದದ್ದು. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಭಜನೆಯಲ್ಲಿ ತೆಲುಗು ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುವುದು ಸಹಜ. ಮುಂದಾಳು ಪಲ್ಲವಿ ಎತ್ತುತ್ತಾನೆ, ಉಳಿದವರು ತಾಳ ಹಿಡಿದು ಸೇರಿಕೊಳ್ಳುತ್ತಾರೆ. ನಡುವಿನ ಒಂದು ಚರಣ ಮರೆತರೂ ಹಾಡು ನಿಲ್ಲುವುದಿಲ್ಲ. ಇಂಥ ಪದಗಳನ್ನು ಕಡಿದು ಬಿದ್ದ ಅಂಗಗಳೆನ್ನುವುದು ತಪ್ಪಾಗುತ್ತದೆ. ಕಡಿಯಲು ಮೊದಲೊಂದು ದೇಹವೇ ಇರಲಿಲ್ಲ.

ಹಾಗಾದರೆ ಅವುಗಳನ್ನು ಹಿಡಿದಿಟ್ಟದ್ದು ಯಾವುದು? ಕೊನೆಗೆ ಬರುವ ಅಂಕಿತ, ಕೈವಾರದ ಗುಡಿಯ ದೇವರು ಅಮರನಾರೇಯಣನ ಹೆಸರು. ಹೊರೇಸ್ ಚೂರುಗಳಲ್ಲಿ ಹುಡುಕಿದ್ದು ಕವಿಯನ್ನು. ತತ್ವಪದದ ಚೂರು ಕವಿಯನ್ನು ದಾಟಿ ದೇವರತ್ತ ಕೈತೋರುತ್ತದೆ. ದೇಹ ಅಳಿಯುವಂಥದು, ಒಳಗಿನ ನಾರಾಯಣ ಒಡೆಯುವಂಥವನಲ್ಲ ಎಂದು ಸಾರುವ ಪದಗಳಿಗೆ ಇದು ಒಪ್ಪುವ ರೀತಿ. ಅವಯವಿ ಇಲ್ಲಿ ಎಲ್ಲ ಪದಗಳೂ ಸೇರಿದ ಮೇಲೆ ಮೂಡಬೇಕಾದ್ದಲ್ಲ, ಪ್ರತಿ ಪದದಲ್ಲೂ ಪೂರ್ತಿಯಾಗಿಯೇ ಇದೆ. ಸಂಗ್ರಹಕಾರನಿಗೆ ಪದವೊಂದು ಸಿಗದೆಹೋದರೆ ಅದು ನಿಜವಾದ ನಷ್ಟವೇ. ರಾತ್ರಿಯ ಭಜನೆಗೆ ಮಾತ್ರ ಬಾಯಿಗೆ ಬಂದ ಒಂದು ಪದ ಸಾಕು.